ಊರ ಶಾಲೆಯಲ್ಲಿ ಮಕ್ಕಳ ಸುರಕ್ಷತೆ: ಕಲಬುರಗಿ ಕಡೆಯ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಸೇಡಂ, ಚಿತ್ತಾಪುರ, ಶಹಾಬಾದ್, ಆಳಂದ ಕಡೆಯ ಪೋಷಕರ ಸಭೆಗಳಲ್ಲಿ ಜನ ಕೇಳಿದ ಪ್ರಶ್ನೆಗಳು ಇವು. ಕೆಲವರು ಎದ್ದು ನಿಂತು ಕೇಳಿದರು, ಕೆಲವರು ಚೀಟಿ ಬರೆದು ಕೊಟ್ಟರು. ಇನ್ನು ಕೆಲವರು, ಅದರಲ್ಲೂ ತಾಯಂದಿರು, ಸಭೆ ಮುಗಿದು ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದರು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. 1ರಿಂದ 5ನೇ ತರಗತಿ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನಿಮಗೆ ಈಗ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದಿ.

## ಮೊದಲು ಗೊತ್ತಿರಬೇಕಾದದ್ದು

ಮಗು ಗೇಟ್ ಒಳಗೆ ಹೋದ ಮೇಲೆ ಜವಾಬ್ದಾರಿ ಯಾರದ್ರೀ? ಮಾಸ್ತರದ್ದಾ, ನಮ್ಮದಾ?

ಶಾಲೆ ನಡೆಯುವ ಹೊತ್ತಿನಲ್ಲಿ ಮುಖ್ಯ ಶಿಕ್ಷಕರದ್ದು ಮತ್ತು ಶಿಕ್ಷಕರದ್ದು. ಇದರಲ್ಲಿ ಯಾರಿಗೂ ಅನುಮಾನ ಇಲ್ಲ. ತೊಂದರೆ ಇರುವುದು ಗಂಟೆ ಹೊಡೆಯುವ ಮುಂಚಿನ ಅರ್ಧ ತಾಸು, ಊಟದ ಬಿಡುವು, ಶಾಲೆ ಬಿಟ್ಟ ಮೇಲಿನ ಹೊತ್ತು, ಇವುಗಳಲ್ಲಿ. ಹೊಲಕ್ಕೆ ಹೋಗುವ ತಾಯಿ ಮಗುವನ್ನು ಬೇಗನೇ ಬಿಟ್ಟು ಹೋಗುತ್ತಾಳೆ, ಮಾಸ್ತರು ಬಸ್ಸಿನಲ್ಲಿ ಬರುವುದು ಆಮೇಲೆ. ಆ ನಡುವೆ ಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಕೇಳಿದ ಅನಾಹುತಗಳಲ್ಲಿ ಹೆಚ್ಚಿನವು ಆಗಿರುವುದು ಇಂಥ ಹೊತ್ತಿನಲ್ಲೇ. ಹಾಗಾಗಿ "ಜವಾಬ್ದಾರಿ ಯಾರದು" ಎಂದು ಕೇಳುವುದಕ್ಕಿಂತ "ಈ ಹೊತ್ತಿನಲ್ಲಿ ಅಲ್ಲಿ ಯಾರು ಇರುತ್ತಾರೆ" ಎಂದು ಕೇಳಿ. ಒಬ್ಬರ ಹೆಸರು ಸಿಗಬೇಕು. "ಯಾರಾದ್ರೂ ಇರ್ತಾರೆ" ಎಂದು ಉತ್ತರ ಬಂದರೆ ಯಾರೂ ಇರುವುದಿಲ್ಲ ಎಂದೇ ಅರ್ಥ.

ಎಸ್‌ಡಿಎಂಸಿ ಅಂದ್ರೆ ಸಹಿ ಹಾಕೋದಷ್ಟೇ ಅಲ್ವಾ? ಅದಕ್ಕೇನು ಅಧಿಕಾರ?

ತುಂಬಾ ಕಡೆ ಹಾಗೇ ಆಗಿದೆ, ನಿಜ. ಆದರೆ ಕಾನೂನು ಹಾಗೆ ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸರಕಾರಿ ಶಾಲೆಗೆ ಇಂಥದ್ದೊಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇರಲೇಬೇಕು. ಅದರಲ್ಲಿ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಅಭಿವೃದ್ಧಿ ಯೋಜನೆ ಮಾಡುವುದು, ಬಂದ ಅನುದಾನ ಎಲ್ಲಿ ಹೋಯಿತು ಎಂದು ಕೇಳುವುದು ಅದರ ಕೆಲಸ. ಸುರಕ್ಷತೆಯ ಮಾತನ್ನು ಸಭೆಯಲ್ಲಿ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತು ಮರೆತುಹೋಗುತ್ತದೆ. ಬರೆದದ್ದಕ್ಕೆ ಮುಂದಿನ ಸಭೆಯಲ್ಲಿ ಉತ್ತರ ಕೊಡಬೇಕಾಗುತ್ತದೆ.

ಮಕ್ಕಳಿಗೆ ಯಾವ ನಂಬರ್ ಬಾಯಿಪಾಠ ಮಾಡಿಸಬೇಕು?

ಮೊದಲು ಮನೆಯವರ ಒಂದು ಮೊಬೈಲ್ ನಂಬರ್. ಆಮೇಲೆ 1098, ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೀಳುವುದಿಲ್ಲ, ಮಗುವೇ ಕರೆ ಮಾಡಬಹುದು. ಪೊಲೀಸರಿಗೆ 112, ಆಂಬ್ಯುಲೆನ್ಸ್‌ಗೆ 108. ಈ ಮೂರನ್ನೂ ಶಾಲೆಯ ಗೋಡೆ ಮೇಲೆ, ಮಗುವಿನ ಕಣ್ಣಿನ ಎತ್ತರಕ್ಕೆ, ದೊಡ್ಡದಾಗಿ ಬರೆಸಿ. ಮುಖ್ಯ ಶಿಕ್ಷಕರ ಕೋಣೆಯೊಳಗೆ ಅಂಟಿಸಿದರೆ ಮಕ್ಕಳಿಗೆ ಕಾಣುವುದಿಲ್ಲ.

ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್ ಬಂದಿದೆ, ಗ್ರೂಪಿಗೆ ಹಾಕಲಾ?

ದಯವಿಟ್ಟು ಬೇಡ. 2018ರ ಜುಲೈನಲ್ಲಿ ನಮ್ಮ ಪಕ್ಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ಎಂದು ನೆನಪಿರಬೇಕು. ಹೈದರಾಬಾದ್‌ನಿಂದ ಬಂದಿದ್ದ ಗೆಳೆಯರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂದು ವಾಟ್ಸಾಪ್‌ನಲ್ಲಿ ಸುದ್ದಿ ಹರಿದಾಡಿತು. ಜನ ಅವರ ಕಾರನ್ನು ತಡೆದು ಹೊಡೆದರು, ಅವರಲ್ಲಿ ಒಬ್ಬ ಯುವ ಎಂಜಿನಿಯರ್ ಸತ್ತೇ ಹೋದ. ಮಕ್ಕಳನ್ನು ಕಾಪಾಡುತ್ತೇವೆ ಎಂದುಕೊಂಡೇ ಜನ ಓಡಿ ಬಂದಿದ್ದರು.

ಅನುಮಾನ ಬಂದರೆ 112ಕ್ಕೆ ಕರೆ ಮಾಡಿ, ಗಾಡಿ ನಂಬರ್ ಬರೆದುಕೊಳ್ಳಿ, ಮಕ್ಕಳನ್ನು ಒಳಗೆ ಕರೆದುಕೊಳ್ಳಿ. ಅಷ್ಟು ಸಾಕು. ಇನ್ನೊಂದು ಮಾತನ್ನೂ ಹೇಳಲೇಬೇಕು. ಮಕ್ಕಳ ಮೇಲೆ ದೌರ್ಜನ್ಯ ಮಾಡುವವರು ಬಹಳ ಸಲ ಮಗುವಿಗೆ ಗೊತ್ತಿರುವವರೇ ಆಗಿರುತ್ತಾರೆ. ಅಪರಿಚಿತರ ಭಯ ಒಂದನ್ನೇ ಕಲಿಸಿದರೆ, ಗೊತ್ತಿರುವ ಮಾಮಾ ತಪ್ಪು ಮಾಡಿದಾಗ ಮಗುವಿಗೆ ಏನು ಹೇಳಬೇಕೆಂದು ತಿಳಿಯುವುದಿಲ್ಲ.

## ದಾರಿ, ನೀರು, ಬಿಸಿಲು

ನಮ್ಮ ಹುಡುಗಿ ಟಂಟಂ ಆಟೊದಲ್ಲಿ ಹೋಗ್ತಾಳೆ, ತುಂಬಾ ಮಕ್ಕಳನ್ನ ತುಂಬ್ತಾರೆ. ಏನು ಮಾಡೋದು?

ಹಿಂದೆ ಕಾಲು ನೇತಾಡಿಸಿಕೊಂಡು, ಚಾಲಕನ ಪಕ್ಕದಲ್ಲಿ ಇಬ್ಬರು ಒತ್ತಿಕೊಂಡು ಕೂತಿರುವುದನ್ನು ದಿನಾ ನೋಡುತ್ತೇವೆ. ಸೇಡಂ, ವಾಡಿ, ಶಹಾಬಾದ್ ರಸ್ತೆಗಳಲ್ಲಿ ಸಿಮೆಂಟ್ ಲಾರಿ, ಟಿಪ್ಪರ್ ಬೇರೆ. ಒಬ್ಬರೇ ಹೋಗಿ ಚಾಲಕನಿಗೆ ಹೇಳಿದರೆ "ಹಂಗಾದ್ರೆ ಬೇರೆ ಗಾಡಿ ನೋಡಿಕೊಳ್ಳಿ" ಎನ್ನುತ್ತಾನೆ. ಆ ಗಾಡಿಯ ಎಲ್ಲ ಮಕ್ಕಳ ಮನೆಯವರೂ ಸೇರಿ ಕೂತು ಮಾತಾಡಿ. ಎಷ್ಟು ಮಕ್ಕಳು, ಯಾರೂ ಮುಂದೆ ಕೂರಬಾರದು, ಬದಿಗೆ ಬಾಗಿಲು ಅಥವಾ ಸರಳು ಇರಬೇಕು, ಬ್ಯಾಗ್ ಹೊರಗೆ ನೇತುಹಾಕಬಾರದು, ಚಾಲಕ ಫೋನಿನಲ್ಲಿ ಮಾತಾಡಬಾರದು. ಮಕ್ಕಳು ಕಡಿಮೆಯಾದರೆ ಅವನಿಗೆ ನಷ್ಟ. ತಿಂಗಳಿಗೆ ಸ್ವಲ್ಪ ಜಾಸ್ತಿ ಕೊಡಬೇಕಾಗುತ್ತದೆ, ಅದನ್ನೂ ಅಲ್ಲೇ ಮಾತಾಡಿ ಮುಗಿಸಿ.

ಖಾಸಗಿ ಶಾಲೆಯ ಬಸ್ ಆದರೆ ನಿಯಮ ಗಟ್ಟಿಯಾಗಿದೆ. ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ: ವೇಗ 40 ಕಿ.ಮೀ. ದಾಟಬಾರದು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ಆರಿಸುವ ಸಾಧನ, ಕಿಟಕಿಗೆ ಸರಳು, ಜೊತೆಗೆ ಒಬ್ಬ ಸಹಾಯಕ ಇರಬೇಕು. ಮಗು ಇಳಿದ ಮೇಲೆ ಬಸ್ಸಿನ ಮುಂದಿನಿಂದ ರಸ್ತೆ ದಾಟದಂತೆ ನೋಡುವುದೇ ಆ ಸಹಾಯಕನ ದೊಡ್ಡ ಕೆಲಸ.

ಬೈಕ್ ಮೇಲೆ ಎರಡು ನಿಮಿಷದ ದಾರಿ, ಹೆಲ್ಮೆಟ್ ಬೇಕಾ?

ಬೇಕು. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೂ ಹೆಲ್ಮೆಟ್, ಓಡಿಸುವವರಿಗೆ ಕಟ್ಟುವ ಸುರಕ್ಷಾ ಪಟ್ಟಿ, 40 ಕಿ.ಮೀ. ಮೀರದ ವೇಗ ಎಂದು 2022ರಲ್ಲಿ ಕೇಂದ್ರದ ನಿಯಮ ಬಂದಿದೆ. ಮಗುವನ್ನು ಪೆಟ್ರೋಲ್ ಟ್ಯಾಂಕ್ ಮೇಲೆ ಕೂರಿಸಬೇಡಿ. ಬ್ರೇಕ್ ಹಾಕಿದರೆ ಮೊದಲು ಮುಂದಕ್ಕೆ ಹಾರುವುದು ಅದೇ.

ಶಾಲೆ ಹತ್ತಿರ ಕಲ್ಲಿನ ಗಣಿ ಇದೆ, ಮಳೆಗಾಲದಲ್ಲಿ ತುಂಬುತ್ತೆ. ಮಕ್ಕಳು ಕೇಳೋದೇ ಇಲ್ಲ.

ನನಗೆ ಬಹಳ ಭಯ ಹುಟ್ಟಿಸುವುದು ಇದೇ. ಶಹಾಬಾದ್ ಕಲ್ಲು ತೆಗೆದು ಬಿಟ್ಟ ಗುಂಡಿಗಳು ಈ ಭಾಗದಲ್ಲಿ ಊರಿಗೆ ಅಂಟಿಕೊಂಡೇ ಇವೆ. ಕೆರೆಗೆ ಇಳಿಜಾರು ದಂಡೆ ಇರುತ್ತದೆ, ಆಳ ನಿಧಾನಕ್ಕೆ ಬರುತ್ತದೆ. ಗಣಿ ಗುಂಡಿಗೆ ದಂಡೆಯೇ ಇಲ್ಲ. ಕಲ್ಲನ್ನು ನೆಟ್ಟಗೆ ಕತ್ತರಿಸಿ ತೆಗೆದಿರುತ್ತಾರೆ, ಒಂದು ಹೆಜ್ಜೆ ಇಟ್ಟರೆ ತಲೆ ಮುಳುಗುವ ನೀರು. ಪಾಚಿ ಕಟ್ಟಿದ ಕಲ್ಲಿಗೆ ಕೈ ಹತ್ತುವುದಿಲ್ಲ, ಈಜು ಬರುವವರೂ ಮೇಲೆ ಬರಲು ಒದ್ದಾಡುತ್ತಾರೆ. ಹೊಲಗಳ ಕೃಷಿ ಹೊಂಡ ಇನ್ನೊಂದು. ಅದಕ್ಕೆ ಪ್ಲಾಸ್ಟಿಕ್ ಹಾಸಿದ್ದರೆ ಇಳಿದವರಿಗೆ ಕಾಲು ನಿಲ್ಲುವುದಿಲ್ಲ. ಕಾಗಿಣಾ, ಭೀಮಾ ದಂಡೆಯ ಊರುಗಳಲ್ಲಿ ಮರಳು ತೆಗೆದ ತಗ್ಗುಗಳು.

"ಅಲ್ಲಿ ಹೋಗಬೇಡ" ಎಂದು ಹೇಳಿದ ಮಾತ್ರಕ್ಕೆ ಮಕ್ಕಳು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ 42, 43 ಡಿಗ್ರಿ ಬಿಸಿಲಿಗೆ ನೀರು ಕಂಡರೆ ಯಾವ ಮಗು ಸುಮ್ನೆ ಇರುತ್ತದೆ? ಗ್ರಾಮ ಪಂಚಾಯಿತಿಗೆ ಲಿಖಿತ ಅರ್ಜಿ ಕೊಡಿ, ಬೇಲಿ ಹಾಕಿಸಿ, ಆಗದಿದ್ದರೆ ಮಕ್ಕಳು ಹೋಗುವ ಕಾಲುದಾರಿಗಾದರೂ ಮುಳ್ಳು ಹಚ್ಚಿ. ಶಾಲೆಯಲ್ಲಿ ಮಕ್ಕಳ ಕೈಯಲ್ಲೇ ಊರಿನ ನಕ್ಷೆ ಬರೆಸಿ, ಎಲ್ಲೆಲ್ಲಿ ನೀರಿದೆ ಎಂದು ಗುರುತು ಹಾಕಿಸಿ. ದೊಡ್ಡವರಿಗೆ ಗೊತ್ತಿಲ್ಲದ ಎರಡು ಗುಂಡಿ ಅದರಲ್ಲಿ ಸಿಗುತ್ತವೆ.

ಮುಖ್ಯವಾಗಿ ಒಂದು ಕಲಿಸಿ: ಗೆಳೆಯ ಮುಳುಗುತ್ತಿದ್ದರೆ ನೀರಿಗೆ ಹಾರಬೇಡ. ಒಬ್ಬನನ್ನು ಉಳಿಸಲು ಹೋಗಿ ಇನ್ನೊಬ್ಬ ಮುಳುಗಿದ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಕೂಗು, ಹಗ್ಗ ಅಥವಾ ಸೀರೆ ಎಸೆ, ಖಾಲಿ ಪ್ಲಾಸ್ಟಿಕ್ ಕೊಡ ಎಸೆ. ಕೊಡ ತೇಲುತ್ತದೆ, ಹಿಡಿದುಕೊಂಡವನೂ ತೇಲುತ್ತಾನೆ.

ಹಾಳುಬಿದ್ದ ಕೊಳವೆಬಾವಿ ಬಗ್ಗೆಯೂ ಇಲ್ಲೇ ಹೇಳುತ್ತೇನೆ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಬೋರ್‌ವೆಲ್‌ಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ತಾಸು ಹೋರಾಡಿ ಜೀವಂತ ತೆಗೆದರು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರುವುದಿಲ್ಲ. ನೀರು ಬಾರದ ಬೋರ್ ಮುಚ್ಚಲೇಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ಬೇಸಿಗೆಯಲ್ಲಿ ಮಗು ತಲೆನೋವು ಅಂತ ಮಲಗಿಬಿಡುತ್ತೆ. ಬರೀ ಬಿಸಿಲಿಗಾ?

ಇರಬಹುದು. ಮಾರ್ಚ್ ಹೊತ್ತಿಗೇ ಇಲ್ಲಿ ಬಿಸಿಲು ಚುರುಕಾಗುತ್ತದೆ, ತಗಡಿನ ಕೋಣೆಯಲ್ಲಿ ಇನ್ನೂ ಜಾಸ್ತಿ. ತಲೆಸುತ್ತು, ವಾಂತಿ, ಸುಸ್ತು ಬಂದರೆ ನೆರಳಿಗೆ ಕರೆದುಕೊಂಡು ಹೋಗಿ, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಗುಟುಕು ಗುಟುಕಾಗಿ ಕೊಡಿ. ಮೈ ಕೆಂಡದಂತೆ ಸುಡುತ್ತಿದ್ದು ಮಗು ತಡವರಿಸಿ ಮಾತಾಡಿದರೆ, ಎಚ್ಚರ ತಪ್ಪಿದರೆ, ಅದು ಬಿಸಿಲ ಹೊಡೆತ. ಬಾಯಿಗೆ ಏನೂ ಹಾಕಬೇಡಿ, ಮೈಮೇಲೆ ನೀರು ಸುರಿಯುತ್ತಲೇ 108 ಕರೆಯಿರಿ. ಕಷ್ಟದ ವಿಷಯ ಒಂದಿದೆ. ಶೌಚಾಲಯ ಸರಿಯಿಲ್ಲದ ಶಾಲೆಯಲ್ಲಿ ಹುಡುಗಿಯರು ಬೇಕೆಂದೇ ನೀರು ಕುಡಿಯುವುದಿಲ್ಲ. ಅಲ್ಲಿ ನೀರಿನ ಬಾಟಲಿ ಕೊಟ್ಟು ಕಳಿಸಿದರೆ ತುಂಬಿದ ಹಾಗೇ ಮನೆಗೆ ವಾಪಸ್ ಬರುತ್ತದೆ.

## ಶಾಲೆಯ ಅಂಗಳದಲ್ಲಿ

ಬಿಸಿಯೂಟದ ಅಡುಗೆ ಮನೆ ಹತ್ತಿರ ಮಕ್ಕಳು ಓಡಾಡ್ತಾರೆ, ಅಡುಗೆಯವರು ಏನೂ ಅನ್ನಲ್ಲ.

ನೀವೇ ಅನ್ನಿ, ಜೋರಾಗಿ ಅನ್ನಿ. 2023ರ ನವೆಂಬರ್‌ನಲ್ಲಿ ನಮ್ಮ ಅಫಜಲಪುರ ತಾಲೂಕಿನ ಸರಕಾರಿ ಶಾಲೆಯೊಂದರಲ್ಲಿ 2ನೇ ತರಗತಿಯ ಹುಡುಗಿ ಬಿಸಿ ಸಾಂಬಾರಿನ ಪಾತ್ರೆಗೆ ಬಿದ್ದು ಸುಟ್ಟುಕೊಂಡಳು. ಕೆಲವೇ ದಿನಗಳಲ್ಲಿ ತೀರಿಕೊಂಡಳು. ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದೇ ನಮ್ಮ ಈ ಭಾಗದ ಜಿಲ್ಲೆಗಳಲ್ಲಿ. ಹಸಿದ ಮಕ್ಕಳಿಗೆ ಅದು ದೊಡ್ಡ ಆಸರೆ. ಅದಕ್ಕೇ ಅಡುಗೆ ಮನೆ ನಮ್ಮ ಮೊದಲ ಚಿಂತೆಯಾಗಬೇಕು.

ಬಿಸಿ ಪಾತ್ರೆ ನೆಲದ ಮೇಲೆ, ಮಕ್ಕಳು ಸಾಲು ನಿಲ್ಲುವ ದಾರಿಯಲ್ಲಿ ಇರಲೇಬಾರದು. ಕಟ್ಟೆ ಮೇಲೆ ಇಟ್ಟು, ದೊಡ್ಡವರೇ ಬಡಿಸಬೇಕು. ಪಾತ್ರೆ ಎತ್ತಲು ದೊಡ್ಡ ಹುಡುಗರನ್ನು ಕರೆಯಬಾರದು. ಅಡುಗೆ ಮನೆಗೆ ಮೊಣಕಾಲೆತ್ತರದ ಅಡ್ಡಬಾಗಿಲು ಹಾಕಿಸಿದರೂ ಎಷ್ಟೋ ಅನುಕೂಲ. ಸಿಲಿಂಡರಿನ ರಬ್ಬರ್ ಪೈಪ್ ಬಿರುಕು ಬಿಟ್ಟಿದೆಯಾ ನೋಡಿ. 2004ರಲ್ಲಿ ತಮಿಳುನಾಡಿನ ಕುಂಭಕೋಣದಲ್ಲಿ 94 ಮಕ್ಕಳನ್ನು ಬಲಿ ತೆಗೆದುಕೊಂಡ ಬೆಂಕಿ ಹೊತ್ತಿದ್ದು ಶಾಲೆಯ ಅಡುಗೆ ಮನೆಯಲ್ಲೇ. ಮಕ್ಕಳಿಗೆ ಬಡಿಸುವ ಮುಂಚೆ ದೊಡ್ಡವರು, ಅವರಲ್ಲಿ ಒಬ್ಬರಾದರೂ ಶಿಕ್ಷಕರು, ರುಚಿ ನೋಡಲೇಬೇಕು, ಅದನ್ನು ಬರೆದಿಡಲೇಬೇಕು.

ಸುಟ್ಟರೆ ತಣ್ಣೀರನ್ನು 20 ನಿಮಿಷ ಸುರಿಯುತ್ತಲೇ ಇರಿ. ಪೇಸ್ಟ್, ಶಾಯಿ, ಅರಿಶಿನ, ಐಸ್ ಯಾವುದೂ ಬೇಡ. ಮೈಗೆ ಅಂಟಿದ ಬಟ್ಟೆ ಕೀಳಬೇಡಿ.

ಕೋಣೆ ಸೋರುತ್ತೆ, ಮೇಲಿಂದ ಸಿಮೆಂಟ್ ಉದುರುತ್ತೆ. ಹೊಸ ಕಟ್ಟಡ ಬರೋವರೆಗೂ ಏನು ಮಾಡೋದು?

ಆ ಕೋಣೆಗೆ ಇವತ್ತೇ ಬೀಗ ಹಾಕಿಸಿ. 2025ರ ಜುಲೈನಲ್ಲಿ ರಾಜಸ್ಥಾನದ ಝಾಲಾವಾಡ ಜಿಲ್ಲೆಯಲ್ಲಿ ಸರಕಾರಿ ಶಾಲೆಯ ಚಾವಣಿ ಕುಸಿದು 7 ಮಕ್ಕಳು ಸತ್ತರು. ಮೇಲಿಂದ ಹರಳು ಬೀಳುತ್ತಿವೆ ಎಂದು ಮಕ್ಕಳು ಮೊದಲೇ ಹೇಳಿದ್ದರು ಎಂದು ಆಗ ವರದಿಯಾಗಿತ್ತು. ಎರಡು ತರಗತಿ ಸೇರಿಸಿ ಕೂರಿಸಿದರೂ ಪರವಾಗಿಲ್ಲ, ಸಮುದಾಯ ಭವನದಲ್ಲಿ ಪಾಠ ಮಾಡಿದರೂ ಪರವಾಗಿಲ್ಲ. ಫೋಟೋ ತೆಗೆದು, ಎಸ್‌ಡಿಎಂಸಿ ಠರಾವು ಮಾಡಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮತ್ತು ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಶಾಲಾ ಕೋಣೆಗಳಿಗೆ ಹಣ ಬರುತ್ತದೆ, ಶಾಸಕರ ಹತ್ತಿರ ಹೋಗುವಾಗ ಅದನ್ನೇ ಕೇಳಿ. ಕಾಂಪೌಂಡ್ ಗೋಡೆಯನ್ನು ಎಷ್ಟೋ ಪಂಚಾಯಿತಿಗಳು ಉದ್ಯೋಗ ಖಾತ್ರಿಯಲ್ಲೇ ಕಟ್ಟಿಸಿವೆ.

ಮಳೆಗಾಲಕ್ಕೆ ಮುಂಚೆ ವೈರಿಂಗ್ ನೋಡಿಸಿ. ಒದ್ದೆ ಗೋಡೆಯ ಸ್ವಿಚ್, ನೀರಿನ ಮೋಟರ್ ಹತ್ತಿರದ ಬಿಚ್ಚಿದ ವೈರ್ ಮಕ್ಕಳ ಕೈಗೆ ಸಿಗುತ್ತವೆ. ಶಾಲೆ ಮೇಲೆ ತಂತಿ ಹಾದುಹೋಗಿದ್ದರೆ ವಿದ್ಯುತ್ ಕಂಪನಿ ಜೆಸ್ಕಾಂಗೆ ಅರ್ಜಿ ಕೊಡಿ.

ಹಾವು, ಚೇಳು, ನಾಯಿ. ಇವಕ್ಕೆ ಮೊದಲು ಏನು ಮಾಡಬೇಕು?

ಹಾವು ಕಚ್ಚಿದರೆ ಮಗುವನ್ನು ಓಡಿಸಬೇಡಿ, ನಡೆಸಲೂ ಬೇಡಿ. ಕಚ್ಚಿದ ಕೈ ಕಾಲು ಅಲುಗಾಡದಂತೆ ಇಡಿ, ಉಂಗುರ ಬಳೆ ತೆಗೆಯಿರಿ, ನೇರ ಆಸ್ಪತ್ರೆಗೆ ಹೋಗಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ಮಂತ್ರ ಹಾಕಿಸುವುದು, ಇವುಗಳಲ್ಲಿ ಹೋಗುವ ಒಂದು ತಾಸೇ ಜೀವ ತೆಗೆಯುತ್ತದೆ. ಹಾವನ್ನು ಹಿಡಿದು ತರುವುದೂ ಬೇಕಿಲ್ಲ. ಚೇಳು ಕುಟುಕಿದಾಗ ಸಣ್ಣ ಮಗು ಬೆವರಿ, ವಾಂತಿ ಮಾಡಿ, ಕೈಕಾಲು ತಣ್ಣಗಾದರೆ ಕಾಯಬೇಡಿ, ಅದು ಹೃದಯಕ್ಕೆ ಬಡಿಯುತ್ತದೆ. ಶಾಲೆ ಗೋಡೆಗೆ ಒರಗಿಸಿದ ತೊಗರಿ ಕಟ್ಟಿಗೆ, ಕಲ್ಲಿನ ರಾಶಿ ಮೊದಲು ತೆಗೆಸಿ. ಹಾವು ಚೇಳು ಹೆಚ್ಚಾಗಿ ಅಡಗುವುದು ಇಂಥ ಜಾಗದಲ್ಲೇ.

ನಾಯಿ ಕಚ್ಚಿದರೆ, ಪರಚಿದರೂ, ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ ಬೇಡ. ಅದೇ ದಿನ ರೇಬಿಸ್ ಇಂಜೆಕ್ಷನ್ ಶುರು ಮಾಡಿ, ವೈದ್ಯರು ಹೇಳಿದ ಎಲ್ಲ ಡೋಸ್ ಮುಗಿಸಿ. ಗಾಯ ವಾಸಿಯಾಯಿತೆಂದು ನಡುವೆ ಬಿಡುವವರು ಬಹಳ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧವೇ ಇಲ್ಲ. ಮಗು ಬೈಯುತ್ತಾರೆಂದು ಪರಚಿದ್ದನ್ನು ಮುಚ್ಚಿಡುತ್ತದೆ, ಹಾಗಾಗಿ "ನಾಯಿ ಮುಟ್ಟಿದರೂ ಹೇಳು, ಬೈಯಲ್ಲ" ಎಂದು ಮೊದಲೇ ಹೇಳಿಡಿ.

## ಏಟು, ಬೈಗುಳ, ಮೈ ಮುಟ್ಟುವ ವಿಷಯ

ನಾವೂ ಏಟು ತಿಂದೇ ಕಲಿತದ್ದು. ಮಾಸ್ತರ್ ಎರಡು ಏಟು ಕೊಟ್ಟರೆ ತಪ್ಪೇನು?

ತಪ್ಪು, ಕಾನೂನಿನಲ್ಲೂ ತಪ್ಪು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬಿಸಿಲಲ್ಲಿ ನಿಲ್ಲಿಸುವುದು, ಕಿವಿ ಹಿಂಡುವುದು, ಎಲ್ಲರ ಮುಂದೆ ಅವಮಾನ ಮಾಡುವುದು, ಶೌಚಾಲಯ ತೊಳೆಸುವುದು ಎಲ್ಲ ಇದರಲ್ಲೇ ಬರುತ್ತವೆ. ಕ್ರೌರ್ಯದ ಮಟ್ಟಕ್ಕೆ ಹೋದರೆ 2015ರ ಬಾಲ ನ್ಯಾಯ ಕಾಯ್ದೆಯಡಿ ಜೈಲೂ ಆಗುತ್ತದೆ. ಆದರೆ ನಾನು ಇದನ್ನು ಸುರಕ್ಷತೆಯ ಪುಟದಲ್ಲಿ ಹಾಕಿದ್ದಕ್ಕೆ ಬೇರೆ ಕಾರಣ ಇದೆ. ಏಟು ತಿಂದು ಅಭ್ಯಾಸವಾದ ಮಗು "ದೊಡ್ಡವರು ನನ್ನ ಮೈಗೆ ಏನು ಬೇಕಾದರೂ ಮಾಡಬಹುದು" ಎಂದು ಕಲಿಯುತ್ತದೆ. ನಾಳೆ ಯಾರೋ ಕೆಟ್ಟದಾಗಿ ಮುಟ್ಟಿದಾಗ ಅದು ಯಾಕೆ ಬಂದು ಹೇಳುತ್ತದೆ? ಮನೆಯಲ್ಲಿ ಹೊಡೆಯುವವರಿಗೂ ಇದೇ ಮಾತು.

ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಅಂತ ಹೇಗೆ ಹೇಳೋದು? ನಮಗೆ ನಾಚಿಕೆ ಆಗುತ್ತೆ.

ಮಗುವಿಗೆ ಸ್ನಾನ ಮಾಡಿಸುವಾಗ ಹೇಳಿ, ಅದು ಸಹಜವಾಗಿ ಬರುತ್ತದೆ. ಚಡ್ಡಿ, ಬನಿಯನ್ ಮುಚ್ಚುವ ಜಾಗ ನಿನ್ನದು, ಅವ್ವ ತೊಳೆಯುವಾಗ, ಅವ್ವನ ಮುಂದೆ ಡಾಕ್ಟರ್ ನೋಡುವಾಗ ಬಿಟ್ಟರೆ ಬೇರೆ ಯಾರೂ ಮುಟ್ಟಬಾರದು, ನೋಡಬಾರದು, ಫೋಟೋ ತೆಗೆಯಬಾರದು. ಬೇರೆಯವರು ತಮ್ಮದನ್ನು ಮುಟ್ಟು ಎಂದರೂ ಬೇಡ ಎನ್ನು, ಅಲ್ಲಿಂದ ಓಡು, ಬಂದು ಹೇಳು. "ಯಾರಿಗೂ ಹೇಳಬೇಡ" ಎಂದು ಯಾರಾದರೂ ಅಂದರೆ ಅದನ್ನೇ ಮೊದಲು ಹೇಳು. ಹುಡುಗರಿಗೂ ಇಷ್ಟೇ ಹೇಳಿ. ಹುಡುಗರಿಗೆ ಏನೂ ಆಗುವುದಿಲ್ಲ ಎಂದು ನಂಬಿ ಅವರನ್ನು ಕೇಳುವುದೇ ಬಿಟ್ಟಿದ್ದೇವೆ.

ಇನ್ನೊಂದು ಸಣ್ಣ ವಿಷಯ. ಮನೆಗೆ ಬಂದ ಕಾಕಾನ ತೊಡೆ ಮೇಲೆ ಕೂರಲು ಮಗು ಒಲ್ಲೆ ಎಂದರೆ ಬಿಟ್ಟುಬಿಡಿ. ಒತ್ತಾಯ ಮಾಡಿ ಕಳಿಸಿದರೆ, "ಬೇಡ" ಎನ್ನುವುದನ್ನು ನಾವೇ ಮರೆಸಿದ ಹಾಗೆ.

ಮೂರನೇ ತರಗತಿ ಹುಡುಗ, ಇದ್ದಕ್ಕಿದ್ದಂತೆ ಸಾಲಿಗೆ ಹೋಗಲ್ಲ ಅಂತಾನೆ. ಸೋಮಾರಿತನಾನಾ?

ಸೋಮಾರಿತನ ಎಂದು ಮೊದಲೇ ತೀರ್ಮಾನ ಮಾಡಬೇಡಿ. ಯಾವ ದಿನ ಜಾಸ್ತಿ ಅಳುತ್ತಾನೆ, ಯಾವ ಮಾಸ್ತರ ಪಾಠವಿದ್ದಾಗ, ಯಾರ ಜೊತೆ ಹೋಗುವಾಗ ಎಂದು ಗಮನಿಸಿ. ಮತ್ತೆ ಹಾಸಿಗೆ ಒದ್ದೆ ಮಾಡುವುದು, ನಿದ್ದೆಯಲ್ಲಿ ಬೆಚ್ಚುವುದು, ಉಚ್ಚೆ ಮಾಡುವಾಗ ಉರಿ, ಮೈಮೇಲೆ ಗುರುತು, ಒಬ್ಬರನ್ನು ಕಂಡರೆ ಅವಿತುಕೊಳ್ಳುವುದು, ಎಲ್ಲಿಂದಲೋ ಬಂದ ಹೊಸ ಆಟಿಕೆ ಅಥವಾ ದುಡ್ಡು, ಇವು ಕಂಡರೆ ಇನ್ನೂ ಹುಷಾರಾಗಿ. ಇವೆಲ್ಲಕ್ಕೂ ಬೇರೆ ಕಾರಣವೂ ಇರಬಹುದು. ಕನ್ನಡಕ ಬೇಕಾದ ಮಗು, ಓದು ಹತ್ತದ ಮಗು ಕೂಡ ಶಾಲೆ ಬೇಡ ಎನ್ನುತ್ತದೆ. "ಯಾರು ಏನು ಮಾಡಿದರು ಹೇಳು" ಎಂದು ಗದರಿಸಬೇಡಿ. ರೊಟ್ಟಿ ಬಡಿಯುವಾಗ, ದನ ಕಟ್ಟುವಾಗ ಪಕ್ಕದಲ್ಲಿ ಕೂರಿಸಿಕೊಂಡು "ಇವತ್ತು ಯಾವುದು ಚಂದ ಇತ್ತು, ಯಾವುದು ಬೇಜಾರಾಯ್ತು" ಎಂದು ದಿನಾ ಕೇಳಿ. ದಿನಾ ಕೇಳುವ ಮನೆಯಲ್ಲಿ ಮಗು ಒಂದು ದಿನ ಹೇಳುತ್ತದೆ.

ತಾಂಡಾ ಮಕ್ಕಳು ಅಂತ ಬೇರೆ ಕೂರಿಸ್ತಾರೆ, ದೊಡ್ಡ ಹುಡುಗರು ಅಣಕಿಸ್ತಾರೆ. ಇದೂ ಸುರಕ್ಷತೇನಾ?

ಖಂಡಿತ. ಬೇರೆ ಕೂರಿಸಿದ ಮಗುವಿಗೆ ಏನಾದರೂ ಯಾರ ಗಮನಕ್ಕೂ ಬರುವುದಿಲ್ಲ, ಅದು ಹೇಳಿದರೆ ಯಾರೂ ನಂಬುವುದಿಲ್ಲ. ಜಾತಿ ನೋಡಿ ಪಂಕ್ತಿ ಬೇರೆ ಮಾಡುವುದು, ಕೆಲಸ ಹಚ್ಚುವುದು ಅಪರಾಧ. ಮುಖ್ಯ ಶಿಕ್ಷಕರಿಗೆ ಬರೆದು ಕೊಡಿ, ಕೇಳದಿದ್ದರೆ ಬಿಇಒಗೆ ಹೋಗಿ. ಅಣಕಿಸುವ ಹುಡುಗರ ವಿಷಯ ಬೇರೆ, ಅವರೂ ಮಕ್ಕಳೇ. ಅವರನ್ನು ಹೊಡೆಸಿದರೆ ಏಟು ಮರುದಿನ ಚಿಕ್ಕವನಿಗೆ ವರ್ಗವಾಗುತ್ತದೆ. ಚಿಕ್ಕವರ ಊಟದ ಸಾಲು, ಆಟದ ಹೊತ್ತು ಬೇರೆ ಮಾಡಿ, ಅಲ್ಲೊಬ್ಬ ಶಿಕ್ಷಕರು ನಿಲ್ಲಲಿ.

## ದೂರು, ಕಾನೂನು, ಮುಂದಿನ ಕೆಲಸ

ಮಗು ಒಬ್ಬ ಮಾಸ್ತರ ಬಗ್ಗೆ ಹೇಳಬಾರದ್ದನ್ನ ಹೇಳಿದೆ. ಮೊದಲು ಏನು ಮಾಡಲಿ?

ಮೊದಲು ಮುಖದಲ್ಲಿ ಗಾಬರಿ ತೋರಿಸಬೇಡಿ. "ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಿಲ್ಲ, ನಾನು ನಂಬ್ತೀನಿ" ಎನ್ನಿ. ಅದು ಹೇಳಿದಷ್ಟನ್ನು ಕೇಳಿ, ಮಗುವಿನ ಮಾತಿನಲ್ಲೇ ಬರೆದಿಡಿ, ದಿನ ಹೊತ್ತು ಹಾಕಿ. ಪದೇ ಪದೇ ಕೇಳಬೇಡಿ, ಅತ್ತೆ, ಮಾವ, ಪಕ್ಕದ ಮನೆಯವರ ಮುಂದೆಲ್ಲ ಹೇಳಿಸಬೇಡಿ. ಆ ಮಾಸ್ತರ ಮನೆಗೆ ಜಗಳಕ್ಕೆ ಹೋಗಬೇಡಿ, ಸಾಕ್ಷಿ ಹಾಳಾಗುತ್ತದೆ, ಎಷ್ಟೋ ಸಲ ಆರೋಪಿ ಊರೇ ಬಿಡುತ್ತಾನೆ. ಈಗಷ್ಟೇ ಆಗಿದ್ದರೆ ಮಗುವಿಗೆ ಸ್ನಾನ ಮಾಡಿಸಬೇಡಿ, ಬಟ್ಟೆ ತೊಳೆಯದೆ ಕಾಗದದಲ್ಲಿ ಸುತ್ತಿಡಿ.

ಆಮೇಲೆ 1098 ಅಥವಾ 112. ನೇರ ಠಾಣೆಗೂ ಹೋಗಬಹುದು. ಠಾಣೆ ವ್ಯಾಪ್ತಿ ನಮ್ಮದಲ್ಲ ಎಂದು ವಾಪಸ್ ಕಳಿಸುವಂತಿಲ್ಲ, ಎಲ್ಲಿ ಕೊಟ್ಟರೂ ದೂರು ತೆಗೆದುಕೊಳ್ಳಬೇಕು. ಆಸ್ಪತ್ರೆಗೆ ಮೊದಲು ಹೋದರೆ ಎಫ್‌ಐಆರ್ ತನ್ನಿ ಎಂದು ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಊರಿನ ಹಿರಿಯರು ಪಂಚಾಯಿತಿ ಮಾಡಿ ಮುಗಿಸೋಣ ಅಂತಾರೆ. ಮಾಸ್ತರನ್ನ ವರ್ಗ ಮಾಡಿಸಿದರೆ ಸಾಲದಾ?

ಸಾಲದು. ವರ್ಗ ಮಾಡಿಸಿದರೆ ಅವನು ಇನ್ನೊಂದು ಊರಿನ ಮಕ್ಕಳ ಮುಂದೆ ಹೋಗಿ ನಿಲ್ಲುತ್ತಾನೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆಯಲ್ಲಿ ರಾಜಿಗೆ ಜಾಗವೇ ಇಲ್ಲ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದವರಿಗೆ 6 ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರದ್ದನ್ನು ಮುಚ್ಚಿಟ್ಟರೆ 1 ವರ್ಷದವರೆಗೆ. "ನಾವು ಒಳಗೇ ವಿಚಾರಣೆ ಮಾಡಿ ಆಮೇಲೆ ತಿಳಿಸುತ್ತೇವೆ" ಎನ್ನುವ ಮುಖ್ಯ ಶಿಕ್ಷಕರಿಗೂ ಇದನ್ನು ತೋರಿಸಿ. ಅನುಮಾನ ಬಂದರೆ ತಿಳಿಸಬೇಕು, ಸಾಬೀತು ಮಾಡುವುದು ಪೊಲೀಸರ ಮತ್ತು ಕೋರ್ಟಿನ ಕೆಲಸ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸ್ ಆಗುವುದಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಶಾಲೆಯ ಸಿಬ್ಬಂದಿಯೇ ಮಾಡಿದ್ದರೆ ಶಿಕ್ಷೆ ಇನ್ನೂ ಜಾಸ್ತಿ.

ಮಗಳ ಹೆಸರು ಊರೆಲ್ಲ ಆಗುತ್ತೆ ಅಂತ ಭಯ. ಠಾಣೆಯಲ್ಲಿ ಕೂರಿಸ್ತಾರಾ?

ಈ ಭಯಕ್ಕೇ ಎಷ್ಟೋ ತಾಯಂದಿರು ಬಾಯಿ ಮುಚ್ಚಿಕೊಂಡಿದ್ದಾರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಮಗುವಿನ ಹೆಸರು, ಫೋಟೋ, ಮನೆ, ಶಾಲೆ, ಯಾವುದನ್ನೂ ಪತ್ರಿಕೆ ಟಿವಿಯವರು ಹಾಕುವಂತಿಲ್ಲ. ವಾಟ್ಸಾಪ್‌ನಲ್ಲಿ ಹಂಚುವುದೂ ತಪ್ಪು. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅದಕ್ಕೆ ಇಷ್ಟವಾದ ಜಾಗದಲ್ಲಿ ತೆಗೆದುಕೊಳ್ಳಬೇಕು. ಆದಷ್ಟೂ ಮಹಿಳಾ ಅಧಿಕಾರಿ ಇರಬೇಕು, ಸಮವಸ್ತ್ರ ಹಾಕಿರಬಾರದು, ಮಗು ನಂಬುವವರು ಪಕ್ಕದಲ್ಲಿರಬೇಕು. ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹುಡುಗಿಯ ತಪಾಸಣೆ ಮಹಿಳಾ ವೈದ್ಯರೇ ಮಾಡಬೇಕು. ಕೋರ್ಟಿನಲ್ಲಿ ಆರೋಪಿಯ ಮುಖ ನೋಡದಂತೆ ವ್ಯವಸ್ಥೆ ಮಾಡಬೇಕು. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯಿಂದ ಒಬ್ಬ ಬೆಂಬಲ ವ್ಯಕ್ತಿಯನ್ನು ಕೇಳಿ. ಠಾಣೆಗೂ ಕೋರ್ಟಿಗೂ ಅವರು ಜೊತೆಗೆ ಬರುತ್ತಾರೆ.

ಇವೆಲ್ಲ ಕೇಳದೆ ತಾನಾಗಿ ಆಗುತ್ತವೆ ಎಂದು ನಾನು ಹೇಳುವುದಿಲ್ಲ. ಕೇಳಿದರೆ ಇಲ್ಲ ಎನ್ನಲು ಬರುವುದಿಲ್ಲ.

ಬೇರೆ ಯಾವುದೋ ವಿಷಯಕ್ಕೆ ಪೊಲೀಸರು ಶಾಲೆಗೇ ಬಂದು ಮಕ್ಕಳನ್ನ ಕೇಳಬಹುದಾ?

ಸಮವಸ್ತ್ರ, ಬಂದೂಕಿನ ಜೊತೆ ಬಂದು ಕೇಳುವಂತಿಲ್ಲ. 2020ರಲ್ಲಿ ಬೀದರ್‌ನ ಶಾಲೆಯೊಂದರಲ್ಲಿ ಹಾಗೆ ನಡೆದಾಗ, ಇದು ಬಾಲ ನ್ಯಾಯ ಕಾಯ್ದೆಯ ಉಲ್ಲಂಘನೆಯಂತೆ ಕಾಣುತ್ತದೆ ಎಂದು ಹೈಕೋರ್ಟ್ 2021ರಲ್ಲಿ ಹೇಳಿತು. ಮನೆಯವರನ್ನು ಕರೆಸಿ, ಅವರ ಮುಂದೆಯೇ ಮಾತಾಡಿ ಎಂದು ಮುಖ್ಯ ಶಿಕ್ಷಕರು ಹೇಳಬೇಕು.

ನಾವು ಗುಳೆ ಹೋಗ್ತೀವಿ, ಮಗೂನ ಆಯಿ (ಅಜ್ಜಿ) ಹತ್ತಿರ ಬಿಟ್ಟು ಹೋಗೋದಾ, ಕರ್ಕೊಂಡು ಹೋಗೋದಾ?

ಇದಕ್ಕೆ ಎಲ್ಲರಿಗೂ ಹೊಂದುವ ಉತ್ತರ ಇಲ್ಲ. ಪುಣೆ, ಮುಂಬೈ, ಬೆಂಗಳೂರಿನ ಕಟ್ಟಡದ ಜಾಗದಲ್ಲಿ ಮಗು ಇಡೀ ದಿನ ಜಲ್ಲಿ, ಕಬ್ಬಿಣದ ನಡುವೆ ಇರುತ್ತದೆ, ಶಾಲೆಯೂ ತಪ್ಪುತ್ತದೆ. ಆಯಿ ಗಟ್ಟಿಯಾಗಿದ್ದರೆ ಊರಲ್ಲೇ ಬಿಡುವುದು ವಾಸಿ. ಆದರೆ ಹೋಗುವ ಮುಂಚೆ ಅಕ್ಕೋರಿಗೆ (ಶಿಕ್ಷಕಿಗೆ) ಹೇಳಿ ಹೋಗಿ. ನಿಮ್ಮ ಫೋನ್ ನಂಬರ್, ಮಗುವನ್ನು ಕರೆದುಕೊಂಡು ಹೋಗಲು ಬರಬಹುದಾದವರ ಹೆಸರು ಬರೆದು ಕೊಡಿ. ತಂದೆ ತಾಯಿ ಊರಲ್ಲಿ ಇಲ್ಲದ ಮಕ್ಕಳ ಪಟ್ಟಿ ಶಾಲೆಯಲ್ಲಿ ಇರಲಿ, ಒಂದು ದಿನ ಬರದಿದ್ದರೂ ಮನೆಗೆ ಹೋಗಿ ನೋಡುವಂತಿರಲಿ. ವಾರಕ್ಕೊಮ್ಮೆ ಮಗುವಿನ ಜೊತೆ ಒಬ್ಬಂಟಿಯಾಗಿ ಫೋನಿನಲ್ಲಿ ಮಾತಾಡಿ. ಕರೆದುಕೊಂಡೇ ಹೋಗುವುದಾದರೆ, ವರ್ಗಾವಣೆ ಪತ್ರ ತಡವಾಯಿತೆಂದು ಅಲ್ಲಿಯ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ.

ಕ್ಯಾಮೆರಾ ಹಾಕಿಸಿದರೆ ಎಲ್ಲ ಸರಿಹೋಗುತ್ತೆ ಅಲ್ವಾ?

ಗೇಟಿಗೆ, ಓಣಿಗೆ ಹಾಕಿಸಿದರೆ ಉಪಯೋಗ ಇದೆ. ಆದರೆ ಶೌಚಾಲಯದ ಒಳಗೆ ಹಾಕುವಂತಿಲ್ಲ, ಗಣಿ ಗುಂಡಿಗೆ ಹಾಕಲಾಗುವುದಿಲ್ಲ, ಕರೆಂಟ್ ಹೋದಾಗ ಅದು ನೋಡುವುದಿಲ್ಲ. ನಡೆದು ಹೋದದ್ದನ್ನು ಕ್ಯಾಮೆರಾ ಆಮೇಲೆ ತೋರಿಸುತ್ತದೆ. ಕಡಿಮೆ ದುಡ್ಡಿದ್ದರೆ ಮೊದಲು ಹುಡುಗಿಯರ ಶೌಚಾಲಯದ ಬಾಗಿಲಿಗೆ ಒಳಗಿನ ಚಿಲಕ ಹಾಕಿಸಿ, ನೀರು ಬರುವಂತೆ ಮಾಡಿ, ಕೋಣೆಗಳ ಬಾಗಿಲು ತೆರೆದಿಟ್ಟೇ ಪಾಠ ನಡೆಯಲಿ.

ಎಸ್‌ಡಿಎಂಸಿಯಲ್ಲಿ ನಾವು ನಾಲ್ಕು ಹೆಣ್ಣುಮಕ್ಕಳಷ್ಟೇ ಮಾತಾಡೋರು. ಎಲ್ಲಿಂದ ಶುರು ಮಾಡಲಿ?

ನಾಲ್ಕು ಜನ ಸಾಕು. ಜೂನ್ ಮೊದಲ ವಾರ ಶಾಲೆ ಸುತ್ತ ಒಮ್ಮೆ ನಡೆಯಿರಿ, ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ. ಎಲ್ಲಿ ಹೆದರಿಕೆ ಆಗುತ್ತದೆ ಎಂದು ಅವರನ್ನೇ ಕೇಳಿ. ನಾವು ತಂತಿ, ಬಾವಿ ನೋಡುತ್ತಿರುತ್ತೇವೆ, ಮಗು ಶೌಚಾಲಯದ ಹಿಂದೆ ಕೂತು ಗುಟ್ಕಾ ತಿನ್ನುವ ಗಂಡಸರನ್ನು ತೋರಿಸುತ್ತದೆ. ಕಂಡದ್ದನ್ನು ಬರೆದು, ಪ್ರತಿಯೊಂದರ ಮುಂದೆ ಮಾಡುವವರ ಹೆಸರು, ಮುಗಿಸುವ ದಿನ ಹಾಕಿ. ಶಾಲೆಯಲ್ಲಿ ಒಂದು ದೂರು ಪೆಟ್ಟಿಗೆ ಇಡಿಸಿ. ಅದರ ಬೀಗದ ಕೈ ಮುಖ್ಯ ಶಿಕ್ಷಕರ ಹತ್ತಿರ ಮಾತ್ರ ಇರಬಾರದು, ನಿಮ್ಮಲ್ಲಿ ಒಬ್ಬರ ಎದುರಿಗೆ ತೆರೆಯಬೇಕು. ಪಂಚಾಯಿತಿಯ ಮಕ್ಕಳ ಗ್ರಾಮ ಸಭೆಯಲ್ಲಿ ನಿಮ್ಮ ಮಕ್ಕಳೇ ಎದ್ದು ಗಣಿ ಗುಂಡಿಯ ಬೇಲಿ ಕೇಳಲಿ, ಅಧ್ಯಕ್ಷರಿಗೆ ಉತ್ತರ ಕೊಡದೆ ಗತಿ ಇರುವುದಿಲ್ಲ.

ಮುಖ್ಯ ಶಿಕ್ಷಕರನ್ನು ಎದುರು ಹಾಕಿಕೊಂಡು ಶುರು ಮಾಡಬೇಡಿ. ಬಹಳ ಶಾಲೆಗಳಲ್ಲಿ ಇಬ್ಬರು ಶಿಕ್ಷಕರು ಐದು ತರಗತಿ ನೋಡುತ್ತಿದ್ದಾರೆ, ಜೊತೆಗೆ ಗಣತಿ, ತರಬೇತಿ. ಊಟದ ಹೊತ್ತಿಗೆ ದಿನಾ ಒಬ್ಬ ತಾಯಿ ಬಂದು ನಿಲ್ಲುತ್ತೇವೆ ಎಂದು ಹೇಳಿ ನೋಡಿ. ಯಾವ ದಿನ ಯಾರು ಎಂದು ನೀವೇ ಪಾಳಿ ಹಚ್ಚಿಕೊಳ್ಳಿ, ಕೂಲಿ ಇರುವ ದಿನ ಬದಲಿಗೆ ಇನ್ನೊಬ್ಬರು ಬರಲಿ.